ಏಳೂವರೆಯ ಮನೆತನ

ಸೆಪ್ಟೆಂಬರ್ 2, ಮಂಗಳವಾರ

ನಿನ್ನೆ ಮಧ್ಯಾಹ್ನ ಕೇಳಿಯೇಬಿಟ್ಟ. ನಾನೂ ಹೂಂ ಅಂದುಬಿಟ್ಟೆ.

ಕೇಳಿದ್ದು ನಮ್ಮ ಕನ್ನಡಕದ ಅಂಗಡಿಯಲ್ಲಿ, ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತು. ನಾನು ಅವನ ಕನ್ನಡಕದ ಕಡ್ಡಿಯನ್ನು ಬಿಸಿ ಗಾಳಿಗೆ ಹಿಡಿದು ನೆಟ್ಟಗೆ ಮಾಡುತ್ತಿದ್ದೆ. ಈ ಮಹಾರಾಯ ನಾಟಕ ಮಂದಿರದಲ್ಲಿ ಲೈಟು ಬಿಡುವವನು. ಏಣಿ ಹತ್ತಿ ಇಳಿದು ತಿಂಗಳಿಗೊಮ್ಮೆ ಕನ್ನಡಕ ಸೊಟ್ಟ ಮಾಡಿಕೊಂಡು ಬರುತ್ತಾನೆ. ಬೇಕೆಂದೇ ಸೊಟ್ಟ ಮಾಡುತ್ತಾನೆಂದು ನನಗೆ ಬೇಗ ಗೊತ್ತಾಯಿತು. ಗೊತ್ತಾದದ್ದು ಅವನಿಗೂ ಗೊತ್ತಾಯಿತು. ಹೀಗೆ ಒಂದೂವರೆ ವರ್ಷ ಎಳೆದ ಕಥೆ. ನಿನ್ನೆ ಕನ್ನಡಕ ನನ್ನ ಕೈಯಲ್ಲಿದ್ದಾಗ, ಎದುರಿಗಿರುವ ನನ್ನ ಮುಖವೂ ಅವನಿಗೆ ಸರಿಯಾಗಿ ಕಾಣದ ಹೊತ್ತಿನಲ್ಲಿ, “ಮದುವೆ ಆಗೋಣ್ವಾ?” ಅಂದ. ಕಂಡಿದ್ದರೆ ಧೈರ್ಯ ಬರುತ್ತಿರಲಿಲ್ಲವಂತೆ.

ಆಮೇಲೆ ಅಂದ, “ಮದುವೆಗೆ ಮುಂಚೆ ಒಂದೇ ಒಂದ್ಸಲ ನನ್ನ ನಾಟಕಕ್ಕೆ ಬಾ. ನಾನೇನು ಕೆಲಸ ಮಾಡ್ತೀನಿ ಅಂತ ನೋಡು.” ನಾಟಕ ಶುರುವಾಗುವುದು ಏಳೂವರೆಗೆ.

“ನಮ್ಮಪ್ಪ ಬಿಡಲ್ಲ” ಅಂದೆ, ಯಾವಾಗಿನಂತೆ.

ಪಾಪ ಅಪ್ಪ. ಹಿಟ್ಟಿಗೆ ಗುದ್ದುವಾಗಲೂ ಅದಕ್ಕೆ ನೋವಾಯಿತೇನೋ ಎಂಬ ಮುಖ ಮಾಡುವ ಮನುಷ್ಯ, ಒಂದೂವರೆ ವರ್ಷದಿಂದ ಲೈಟಿನವನ ಪಾಲಿಗೆ ಹುಲಿಯಾಗಿದ್ದಾನೆ. ನಿಜ ಏನೆಂದರೆ ಏಳೂವರೆಗೆ ನಾನು ನಿದ್ದೆಯಲ್ಲಿರುತ್ತೇನೆ. ನಾನೊಬ್ಬಳೇ ಅಲ್ಲ. ಅಜ್ಜ, ಅಪ್ಪ, ನಾನು, ಮೂವರೂ. ಅಜ್ಜನ ತಾಯಿಯೂ ಹಾಗೇ ಇದ್ದಳಂತೆ. ಊಟದ ಕೊನೆಯ ತುತ್ತು ಬಾಯಲ್ಲಿರುವಾಗಲೇ ಕಣ್ಣು ಎಳೆಯುತ್ತದೆ. ಬೆಳಗಿನ ಮೂರೂವರೆಗೆ ತಾನಾಗಿ ಎಚ್ಚರವಾಗುತ್ತದೆ, ಆಮೇಲೆ ಹೊಡೆದು ಮಲಗಿಸಿದರೂ ನಿದ್ದೆ ಇಲ್ಲ. ಬೀದಿಯವರು ನಮ್ಮದನ್ನು ಕೋಳಿ ಮನೆ ಅನ್ನುತ್ತಾರೆ. ಕೆಳಗೆ ಬೇಕರಿ, ಮೇಲೆ ಮನೆ. ಒಲೆ ಹೊತ್ತಿಸಲು ಬೇಗ ಎದ್ದು ಎದ್ದು ಹೀಗಾಗಿದೆ ಎಂದು ನಾವೂ ನಂಬಿಕೊಂಡು ಬಂದಿದ್ದೇವೆ. ನಾನು ಒಂದು ದಿನವೂ ಹಿಟ್ಟು ಮುಟ್ಟಿದವಳಲ್ಲ, ನನ್ನ ಅಂಗಡಿ ತೆರೆಯುವುದೇ ಹತ್ತಕ್ಕೆ ಎಂಬುದನ್ನು ಯಾರೂ ತಲೆಗೆ ಹಾಕಿಕೊಂಡಿಲ್ಲ.

ಈಗ ನಾಲ್ಕು ಗಂಟೆ. ಕೆಳಗೆ ಅಜ್ಜ ಗಂಟಲು ಬಿಟ್ಟು ಹಾಡುತ್ತಿದ್ದಾನೆ, ಅಪ್ಪ ತಟ್ಟೆಗಳನ್ನು ಧಡಬಡ ಜೋಡಿಸುತ್ತಿದ್ದಾನೆ. ಅಮ್ಮನದು ಮಾತ್ರ ಗೊರಕೆ. ಬೇರೆ ಮನೆಯಿಂದ ಬಂದವಳಲ್ಲವೇ, ಆರೂವರೆಯಾದರೂ ಏಳುವುದಿಲ್ಲ. ನಮ್ಮ ಮನೆಯ ಸೋಮಾರಿ ಎಂದರೆ ಅವಳೇ. ಇಂಥ ಸುದ್ದಿ ಇಟ್ಟುಕೊಂಡು ಆರೂವರೆವರೆಗೆ ಯಾರು ಕಾಯುತ್ತಾರೆ? ಹೋಗಿ ಹೊದಿಕೆ ಎಳೆಯುತ್ತೇನೆ.

ಸೆಪ್ಟೆಂಬರ್ 5

ಅವನ ಅಮ್ಮ ಫೋನು ಮಾಡಿದ್ದರು. ಎರಡೂ ಮನೆಯವರು ಸೇರಬೇಕಂತೆ. ಅವನಿಗೆ ರಜೆ ಇರುವುದು ಸೋಮವಾರ ಒಂದೇ. ಬರುವ ತಿಂಗಳ ಮೊದಲ ಸೋಮವಾರ, ರಾತ್ರಿ ಎಂಟಕ್ಕೆ, ಅವರ ಮನೆಯಲ್ಲಿ ಊಟ. ಅಮ್ಮ ಯಾರನ್ನೂ ಕೇಳದೆ, “ಎಂಟಕ್ಕೆ ತಾನೇ? ಖಂಡಿತ ಬರ್ತೀವಿ. ಒಂಬತ್ತಾದ್ರೂ ಪರವಾಗಿಲ್ಲ” ಅಂದುಬಿಟ್ಟಳು!

“ಎಂಟಕ್ಕೆ ಊಟಾನಾ?” ಅಂದ ಅಜ್ಜ. “ಹಿಂದಿನ ದಿನದ್ದಾ, ಮಾರನೇ ದಿನದ್ದಾ?”

ನಾನು ಅಮ್ಮನ ಮೇಲೆ ಹರಿಹಾಯ್ದೆ. ಮಧ್ಯಾಹ್ನ ಇಟ್ಟುಕೊಳ್ಳೋಣ ಅನ್ನಬಾರದಿತ್ತೇ? ಅವಳು ತಣ್ಣಗೆ, “ಇನ್ನೂ ಒಂದು ತಿಂಗಳಿದೆ. ಅಷ್ಟರಲ್ಲಿ ಅವನಿಗೆ ನಿಜ ಹೇಳು, ಇಲ್ಲಾ ಎಚ್ಚರ ಇರೋದು ಕಲಿ” ಅಂದಳು.

ನಿಜ ಹೇಗೆ ಹೇಳಲಿ? ಲೈಟಿನವನ ಬದುಕು ಶುರುವಾಗುವುದೇ ಸಂಜೆಗೆ. ವಾರಕ್ಕೆ ಒಂದೇ ಸಂಜೆ ರಜೆ. ಆ ಒಂದು ಸಂಜೆಯೂ ಹೆಂಡತಿ ಗೊರಕೆ ಹೊಡೆಯುತ್ತಾಳೆ ಎಂದರೆ ಯಾವ ಗಂಡು ಒಪ್ಪುತ್ತಾನೆ? ಹೇಳಿದರೆ ಅವನು ಕೈತಪ್ಪುತ್ತಾನೆ ಎಂಬ ಭಯ ನನಗೆ. ಎಚ್ಚರ ಇರುವುದನ್ನೇ ಕಲಿಯುತ್ತೇನೆ.

ಸೆಪ್ಟೆಂಬರ್ 10

ನಿದ್ದೆಗೆಂದೇ ಡಾಕ್ಟರು ಇರುತ್ತಾರೆಂದು ಇಪ್ಪತ್ತೆಂಟು ವರ್ಷ ನನಗೆ ಗೊತ್ತಿರಲಿಲ್ಲ. ಡಾಕ್ಟರಮ್ಮ ನನ್ನ ಕಣ್ಣು ನೋಡಲಿಲ್ಲ, ನಾಲಿಗೆ ನೋಡಲಿಲ್ಲ. ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಮಲಗುತ್ತಾರೆ ಎಂದು ಕೇಳುತ್ತಾ ಹೋದರು. ದೊಡ್ಡಪ್ಪ ತನ್ನ ಮದುವೆಯ ಸಂಜೆ ಫೋಟೋಗೆ ನಿಂತಲ್ಲೇ ಮಲಗಿದ್ದನ್ನು ಹೇಳಿದೆ. ಬಹಳ ಸಂತೋಷಪಟ್ಟರು.

“ಇದು ಬೇಕರಿ ಅಭ್ಯಾಸ ಅಲ್ಲಮ್ಮ, ವಂಶದಲ್ಲಿ ಬಂದಿರೋದು. ಮೂಗು, ಕೂದಲು ಬರತ್ತಲ್ಲ, ಹಾಗೇ ಮೈಯೊಳಗಿನ ಗಡಿಯಾರಾನೂ ಬರತ್ತೆ. ನಿಮ್ಮನೇದು ಸ್ವಲ್ಪ ಮುಂದೆ ಓಡ್ತಿದೆ, ಅಷ್ಟೇ.”

“ಕಾಯಿಲೆನಾ ಡಾಕ್ಟ್ರೇ?”

“ನಿಮಗೆ ತೊಂದರೆ ಆದ್ರೆ ಕಾಯಿಲೆ. ಆಗದಿದ್ರೆ ಬೇಗ ಏಳೋ ಜನ.”

“ನನ್ನ ಮಕ್ಕಳಿಗೆ?”

“ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಬರಬಹುದು, ಬರದೇನೂ ಇರಬಹುದು.”

ಸಂಜೆ ಪ್ರಖರವಾದ ಬೆಳಕಿನ ಮುಂದೆ ಕೂರಬೇಕಂತೆ, ಬೆಳಗಿನ ಬೆಳಕು ಕಣ್ಣಿಗೆ ಬೀಳದಂತೆ ಕಪ್ಪು ಕನ್ನಡಕ ಹಾಕಬೇಕಂತೆ. ಗಡಿಯಾರ ಮೆಲ್ಲಗೆ ಹಿಂದೆ ಸರಿಯುತ್ತದಂತೆ. ಕಪ್ಪು ಕನ್ನಡಕಕ್ಕೇನು, ನನ್ನ ಅಂಗಡಿಯ ತುಂಬ ಅದೇ.

ನಿನ್ನೆ ಮನೆಗೆ ಬಂದು ಹೇಳಿದಾಗ ಅಪ್ಪ ಸಪ್ಪಗಾದ. ತನ್ನಿಂದ ಮಗಳಿಗೆ ತಗುಲಿತಲ್ಲ ಎಂಬ ಸಂಕಟ. ಅಜ್ಜನದು ಬೇರೆಯೇ ದಾರಿ. ತೊಡೆ ತಟ್ಟಿ ನಕ್ಕ. “ಹಾಗಾದ್ರೆ ಒಲೆ ನಮ್ಮನ್ನ ಎಬ್ಬಿಸಿದ್ದಲ್ಲ! ನಮ್ಮಮ್ಮ ಸುಮ್ನೆ ಎದ್ದು ಕೂತಿರ್ತಿದ್ಲು, ಮಾಡೋಕೆ ಕೆಲಸ ಇಲ್ಲ ಅಂತ ಒಲೆ ಹಚ್ಚಿದ್ದು. ನಿದ್ದೆ ಬರದಿದ್ದಕ್ಕೆ ಬೇಕರಿ ಹುಟ್ಟಿದ್ದು!” ಬೆಳಗಿನಿಂದ ಬಂದ ಗಿರಾಕಿಗಳಿಗೆಲ್ಲ ಬ್ರೆಡ್ಡಿನ ಜೊತೆ ಇದನ್ನೂ ಕಟ್ಟಿ ಕೊಡುತ್ತಿದ್ದಾನೆ.

ಸೆಪ್ಟೆಂಬರ್ 13

ಅಂಗಡಿಯ ಕಿಟಕಿಗೆ ಬೇಕು ಎಂದು ಸುಳ್ಳು ಹೇಳಿ ಲೈಟಿನವನಿಂದ ಒಂದು ದೊಡ್ಡ ದೀಪ ತಂದೆ. ಪಾಪ, ತಾನೇ ವೈರು ಜೋಡಿಸಿ, ಒರೆಸಿ, ಕಟ್ಟಿಕೊಟ್ಟ. ಸುಳ್ಳಿನ ಮೇಲೆ ಸುಳ್ಳು. ಸಂಜೆ ಅದರ ಮುಂದೆ ಕೂತೆ. ಆ ಬೆಳಕಿನಲ್ಲಿ ಎದ್ದಿದ್ದು ಸೊಳ್ಳೆಗಳು ಮಾತ್ರ.

ಸೆಪ್ಟೆಂಬರ್ 16

ರಾತ್ರಿ ಎಂಟೂಕಾಲು. ತಲೆ ಸಿಡಿಯುತ್ತಿದೆ. ಇವತ್ತು ಒಬ್ಬ ಗಿರಾಕಿಯ ಫ್ರೇಮು ಮುರಿದೆ. ಬೆಳಗಿನ ಜಾವ ಕಪ್ಪು ಕನ್ನಡಕದಲ್ಲಿ ಮೆಟ್ಟಿಲಿಳಿದರೆ ಅಜ್ಜ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟ, ಯಾರೋ ದೊಡ್ಡ ಮನುಷ್ಯರು ಬಂದರು ಅಂತ. ಇವನನ್ನು ಇಟ್ಟುಕೊಂಡು ಯಾವ ಚಿಕಿತ್ಸೆ ಆದೀತು!

ಸೆಪ್ಟೆಂಬರ್ 20

ನಿನ್ನೆ ರಾತ್ರಿ ಒಂಬತ್ತಕ್ಕೆ ಎಚ್ಚರವಿದ್ದೆ! ಒಂಬತ್ತಕ್ಕೆ!

ಆದರೆ ಬರೆಯಬೇಕಾದ ಸುದ್ದಿ ಅದಲ್ಲ. ಅಡುಗೆಮನೆಯಿಂದ ನಗು ಕೇಳಿ ಹೋಗಿ ನೋಡಿದೆ. ಅಮ್ಮ ಅಪ್ಪನ ಕುರ್ಚಿಯ ಮೇಲೆ ಎರಡೂ ಕಾಲು ಚಾಚಿಕೊಂಡು ಪಕ್ಕದ ಮನೆಯ ಟೈಲರ್ ಆಂಟಿಯ ಜೊತೆ ಇಸ್ಪೀಟು ಆಡುತ್ತಿದ್ದಳು. ರೇಡಿಯೋ ಹಾಡುತ್ತಿತ್ತು. ಪಣಕ್ಕೆ ಗುಂಡಿಗಳು, ಅಂಗಿಯ ಗುಂಡಿಗಳು. ಅಮ್ಮನ ಮುಂದೆ ಒಂದು ಡಬ್ಬಿ ತುಂಬ ಗುಂಡಿ, ಇಷ್ಟು ವರ್ಷ ಗೆದ್ದದ್ದು. ನಾನು ನೋಡುತ್ತಿದ್ದ ಹಾಗೇ ಒಂದಾಟ ಗೆದ್ದು, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು. ನಮ್ಮಮ್ಮನಿಗೆ ಶಿಳ್ಳೆ ಬರುತ್ತದೆ!

ನನ್ನನ್ನು ಕಂಡದ್ದೇ ಕಾಲು ಕೆಳಗಿಳಿಸಿದಳು. “ಏನಾಯ್ತೇ? ಹುಷಾರಿಲ್ವಾ?”

“ಎಚ್ಚರ ಇದ್ದೀನಮ್ಮ!”

“ಅಯ್ಯೋ” ಅಂದಳು. “ಇನ್ಮೇಲೆ ದಿನಾ ಹೀಗೇನಾ?”

ನನಗೆ ಸಿಟ್ಟು ಬಂತು. ಮಗಳು ಒಂಬತ್ತರವರೆಗೆ ಎದ್ದಿದ್ದರೆ ಸಂತೋಷಪಡುವ ತಾಯಿ ಇವಳಲ್ಲ. ಟೈಲರ್ ಆಂಟಿ ಮಾತ್ರ ಕುರ್ಚಿ ಎಳೆದುಕೊಟ್ಟು, “ಕೂತ್ಕೋ, ಎಲೆ ಹಾಕ್ತೀನಿ” ಅಂದರು. ಎರಡಾಟದಲ್ಲಿ ಇಬ್ಬರೂ ಸೇರಿ ನನ್ನನ್ನು ಬೋಳಿಸಿದರು.

ಸೆಪ್ಟೆಂಬರ್ 24

ನಿನ್ನೆ ಆಂಟಿ ಬಂದಿರಲಿಲ್ಲ. ನಾನು, ಅಮ್ಮ ಇಬ್ಬರೇ. ಈ ಮನೆಗೆ ಬಂದ ಹೊಸದರಲ್ಲಿ ಹೇಗಿತ್ತಮ್ಮ ಎಂದು ಕೇಳಿದೆ. ಇದುವರೆಗೆ ಕೇಳಿದವಳಲ್ಲ. ಕೇಳುವ ಹೊತ್ತಿಗೆ ನಾನು ಯಾವತ್ತೂ ಎದ್ದಿರಲಿಲ್ಲ.

“ಬಂದ ದಿನ ಏಳೂವರೆಗೆ ಎಲ್ಲಾ ಹೋಗಿ ಮಲಗಿಬಿಟ್ರು. ನನ್ನ ಮೇಲೆ ಏನೋ ಕೋಪ ಅಂದ್ಕೊಂಡೆ. ಮೆಟ್ಟಿಲ ಮೇಲೆ ಕೂತ್ಕೊಂಡು ಅತ್ತೆ. ಬೆಳಗಿನ ಜಾವ ನಿಮ್ಮಜ್ಜ ಹಾಡೋಕೆ ಶುರು ಮಾಡಿದ್ರು, ಆಗ ಇನ್ನೊಂದ್ಸಲ ಅತ್ತೆ.”

ಇಬ್ಬರೂ ನಕ್ಕೆವು. “ಎಷ್ಟು ದಿನ ಹಾಗೆ?”

“ವರ್ಷ ಆಗಿರಬಹುದು. ಆಮೇಲೆ ಒಂದ್ಸಂಜೆ ರೇಡಿಯೋ ಜೋರಾಗಿ ಹಾಕಿದೆ. ಯಾರೂ ಬೇಡ ಅನ್ನಲಿಲ್ಲ, ಯಾರಿಗೂ ಎಚ್ಚರಾನೂ ಆಗಲಿಲ್ಲ. ಈ ಹೊತ್ತು ನಂದು ಅಂತ ಅವತ್ತು ಗೊತ್ತಾಯ್ತು.” ಎಲೆ ಕಲಸುತ್ತಾ ಅಂದಳು, “ಆದ್ರೆ ರಾತ್ರಿ ಒಬ್ಬರ ಮನೆಗೆ ಊಟಕ್ಕೆ ಅಂತ ಹೋಗಿ ಮೂವತ್ತು ವರ್ಷ ಆಯ್ತು ಕಣೇ. ಅದಕ್ಕೇ ಅವರ ಅಮ್ಮ ಕರೆದ ತಕ್ಷಣ ಹೂಂ ಅಂದೆ.”

“ಅವನಿಗೂ ಹೀಗೇ ಆಗತ್ತಲ್ಲಮ್ಮ” ಅಂದೆ.

“ಅವನನ್ನೇ ಕೇಳು. ನನ್ನನ್ನ ಯಾರೂ ಕೇಳಲಿಲ್ಲ. ಕೇಳಿದ್ರೂ ಹೂಂ ಅಂತಿದ್ದೆನೋ ಏನೋ. ಕೇಳಿದ್ರೆ ಚೆನ್ನಾಗಿರ್ತಿತ್ತು.”

ನನಗೆ ಅಳು ಬಂತು. ಅಳುವವರನ್ನು ಕಂಡರೆ ಅಮ್ಮನಿಗಾಗದು. ಎಲೆ ಹಂಚಿ, “ಆಡು” ಅಂದಳು. ಆಡಿದೆ, ಸೋತೆ.

ಸೆಪ್ಟೆಂಬರ್ 28

ತನ್ನ ಹೆಸರಿನಲ್ಲಿ ನಾನು ಲೈಟಿನವನಿಗೆ ಹೇಳಿದ ಸುಳ್ಳು ಅಪ್ಪನಿಗೆ ಗೊತ್ತಾಯಿತು. ಬೈಯುತ್ತಾನೆ ಅಂದುಕೊಂಡೆ. ಅವನ ಮುಖ ಅರಳಿಬಿಟ್ಟಿತು.

“ನಾನು ಕಟ್ಟುನಿಟ್ಟಿನೋನು ಅಂತಾನಾ? ನಿಜವಾಗ್ಲೂ ನಂಬಿದಾರಾ?”

ಜೀವನದಲ್ಲಿ ಅಪ್ಪನಿಗೆ ಯಾರೂ ಹೆದರಿಲ್ಲ, ಬೇಕರಿಯ ಬೆಕ್ಕು ಕೂಡ. ಊಟದ ದಿನ ತನ್ನ ಪಾತ್ರ ತಾನು ನಿಭಾಯಿಸುತ್ತೇನೆಂದು ಹಟ ಹಿಡಿದಿದ್ದಾನೆ. ಬೆಳಗಿನಿಂದ ಅಭ್ಯಾಸ. ನಾನು ಅಂಗಡಿಗೆ ಹೊರಟಾಗ ಹುಬ್ಬು ಗಂಟಿಕ್ಕಿ, “ಏಯ್! ಎಲ್ಲಿಗೆ ಹೊರಟೆ?” ಎಂದು ಗುಡುಗಿದ. ನಾನು ನಿಂತೆ. ಅಪ್ಪ ಗಾಬರಿಯಾಗಿ, “ಛತ್ರಿ ತಗೊಂಡಿದೀಯಾ ಕಂದ?” ಅಂದ.

ಅಕ್ಟೋಬರ್ 1

ಅಜ್ಜನಿಗೆ ಹಾಡು ತಗ್ಗಿಸಲು ಹೇಳಿ, ಕೆಳಗಿನ ಬಾಗಿಲು ಮುಚ್ಚಿ ಬಂದೆ. ತಟ್ಟೆಗಳ ನಡುವೆ ಬಟ್ಟೆ ಇಡು ಎಂದು ಅಪ್ಪನಿಗೂ ಹೇಳಿದೆ. ಇಬ್ಬರೂ ನನ್ನನ್ನು ವಿಚಿತ್ರವಾಗಿ ನೋಡಿದರು. ಹನ್ನೊಂದೂವರೆಗೆ ಮಲಗಿದ ಅಮ್ಮ ಇಷ್ಟು ಬೇಗ ಏಳಬೇಕು ಅಂದರೆ ಹೇಗೆ? ಗಂಡಸರಿಗೆ ಇಷ್ಟೂ ತಿಳಿಯುವುದಿಲ್ಲ.

ಅಕ್ಟೋಬರ್ 4

ಹೇಳಿಬಿಡೋಣ ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಅವನೇ ಮಾತು ತೆಗೆದ. ಹೊಸ ನಾಟಕದಲ್ಲಿ ಬೆಳಗಾಗುವ ದೃಶ್ಯವಿದೆಯಂತೆ, ಲೈಟು ಸರಿಹೋಗುತ್ತಿಲ್ಲವಂತೆ. “ಬೆಳಗಾಗೋದು ಹೇಗಿರತ್ತೆ ಅಂತಾನೇ ಮರೆತುಹೋಗಿದೆ ನಂಗೆ. ಆ ಹೊತ್ತಿಗೆ ಯಾವಾಗ್ಲೂ ಮಲಗಿರ್ತೀನಿ.”

ನಾನು ಹೇಳಿದೆ. ಮೊದಲು ಬೆಳಕು ಬರುವುದಿಲ್ಲ, ಮೊದಲು ಕತ್ತಲೆ ತೆಳ್ಳಗಾಗುತ್ತದೆ. ಎದುರು ಮನೆಯ ನೀರಿನ ತೊಟ್ಟಿಯ ಅಂಚು ಕಾಣುತ್ತದೆ, ಬಣ್ಣ ಕಾಣುವುದಿಲ್ಲ. ಬಣ್ಣಗಳಲ್ಲಿ ಕೆಂಪು ಕೊನೆಗೆ ಬರುತ್ತದೆ. ಅವನು ಬಾಯಿ ಬಿಟ್ಟುಕೊಂಡು ಕೇಳಿದ. “ಇಷ್ಟೆಲ್ಲಾ ನಿಂಗೆ ಹೇಗೆ ಗೊತ್ತು?”

ನಿಜ ನಾಲಿಗೆಯ ತುದಿಗೆ ಬಂದಿತ್ತು. “ಬೇಕರಿಯವರ ಮಗಳು” ಅಂದೆ. ಹೇಡಿ ನಾನು.

ಅಕ್ಟೋಬರ್ 7, ಮಂಗಳವಾರ

ಎಲ್ಲಿಂದ ಶುರು ಮಾಡಲಿ? ಈಗ ಬೆಳಗಿನ ಎಂಟು, ಮನೆಗೆ ಬಂದು ಕೂತು ಬರೆಯುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ ಬೇಕರಿಗೆ ಬೀಗ ಹಾಕಿ ಅಪ್ಪ, ಅಜ್ಜ ಮುಂಗಡವಾಗಿ ನಿದ್ದೆ ಮಾಡಲು ನೋಡಿದರು. ಇಬ್ಬರಿಗೂ ಬರಲಿಲ್ಲ. ಎಂಟಕ್ಕೆ ಲೈಟಿನವನ ಮನೆ ಸೇರಿದೆವು. ಅಮ್ಮ ಹೊಸ ಸೀರೆಯಲ್ಲಿ ಫಳಫಳ. ಅವನ ಅಮ್ಮ ಬಾಗಿಲಲ್ಲೇ ಅಪ್ಪನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು. ನಿದ್ದೆಯ ಜೊತೆ ಹೋರಾಡುವ ಅಪ್ಪನ ಮುಖ ನೋಡಬೇಕಿತ್ತು! ಹುಬ್ಬು ಗಂಟು, ಕಣ್ಣು ಕೆಂಡ, ಹಲ್ಲು ಕಚ್ಚಿದ ದವಡೆ. ಒಂದು ವಾರದ ಅಭ್ಯಾಸದಲ್ಲಿ ಬರದೇ ಇದ್ದದ್ದು ತಾನಾಗಿ ಬಂದಿತ್ತು. “ಇನ್ನೊಂದು ಸ್ವಲ್ಪ ಬಡಿಸ್ಲಾ?” ಎಂದು ಅವರು ಕೇಳಿದರು. ಅಪ್ಪ ರೆಪ್ಪೆ ಬಿಡಿಸಿ ದುರುಗುಟ್ಟಿದ. ಪಾಪ, ಅವರು ಸೌಟು ಕೆಳಗಿಟ್ಟರು.

ಮೊದಲು ಹೋದದ್ದು ಅಜ್ಜ. ನೆಟ್ಟಗೆ ಕೂತು, ಚಮಚ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿದ. ಕಣ್ಮುಚ್ಚಿ ರುಚಿ ನೋಡುತ್ತಿದ್ದಾರೆ ಎಂದು ಅವನ ಅಮ್ಮ ಹಿಗ್ಗಿದರು. ಅಷ್ಟರಲ್ಲಿ ಅಪ್ಪ ಮೇಜು ಕುಟ್ಟಿದ. “ನೋಡಪ್ಪ, ನನ್ನ ಮಗಳು ಅಂದ್ರೆ...”

ಎಲ್ಲರೂ ಮುಂದೆ ಬಗ್ಗಿದೆವು. ಅಪ್ಪನ ಗಲ್ಲ ಎದೆಗೆ ಬಿತ್ತು.

“ಡಾಕ್ಟರನ್ನ ಕರೀರಿ!” ಎಂದು ಅವನ ಅಮ್ಮ ಚೀರಿದರು.

“ಏನಿಲ್ಲ ಬಿಡಿ, ನಿದ್ದೆ” ಅಂದಳು ಅಮ್ಮ. “ನಮ್ಮನೆಯವರು ಮೂವತ್ತು ವರ್ಷದಿಂದ ಹೀಗೇ. ಅರ್ಧ ಮಾತು ರಾತ್ರಿ, ಉಳಿದರ್ಧ ಬೆಳಿಗ್ಗೆ. ಆ ಪಾತ್ರೆ ಸ್ವಲ್ಪ ಈ ಕಡೆ ಕೊಡಿ, ತುಂಬಾ ಚೆನ್ನಾಗಿ ಮಾಡಿದೀರ.”

ಇನ್ನು ಮುಚ್ಚಿಡುವುದೇನಿತ್ತು? ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಅಜ್ಜನ ತಾಯಿ, ಡಾಕ್ಟರಮ್ಮ, ಗಡಿಯಾರ, ಒಂದೂವರೆ ವರ್ಷದ ಸುಳ್ಳು.

“ಅಂದ್ರೆ ನಿಮ್ಮಪ್ಪ ಹುಲಿ ಅಲ್ಲ?” ಅಂದ ಲೈಟಿನವನು.

“ಅಲ್ಲ.”

“ಇವರಿಗೆ ಹೆದರಿ ನಿಮ್ಮ ಬೀದಿಗೇ ಕಾಲಿಟ್ಟಿಲ್ಲ ನಾನು! ಮತ್ತೆ ಆ ದೀಪ?”

“ಕಿಟಕಿಗಲ್ಲ. ನನ್ನ ಮುಖಕ್ಕೆ.”

ಅವನು ನಗಲಿಲ್ಲ. ಆಗ ನಿಜವಾಗಿ ಹೆದರಿದೆ. ಆದರೂ ಕೇಳಬೇಕಾದ್ದನ್ನು ಕೇಳಿದೆ. “ನಿನ್ನ ರಜೆಯ ಸಂಜೆ ನಾನು ಮಲಗಿರ್ತೀನಿ. ಎಷ್ಟು ದೀಪ ಹಚ್ಚಿದ್ರೂ ಒಂಬತ್ತು, ಒಂಬತ್ತೂವರೆ, ಅಷ್ಟೇ. ಮಕ್ಕಳಿಗೂ ಇದು ಬರಬಹುದು. ನೀನು ಒಬ್ಬನೇ ಕೂತಿರಬೇಕಾಗತ್ತೆ. ಇದು ನಿಂಗೆ ಒಪ್ಪಿಗೆನಾ?”

“ಯೋಚನೆ ಮಾಡ್ತೀನಿ” ಅಂದ. ಅಷ್ಟೇ.

ಯೋಚನೆ ಮುಗಿಯುವವರೆಗೆ ಕೂತಿರಬೇಕೆಂದು ತುಂಬ ಆಸೆ ಇತ್ತು. ನನ್ನ ವಂಶ ಬಿಡಬೇಕಲ್ಲ. ಕೊನೆಗೆ ಕಂಡದ್ದು ಅವನು ಎದ್ದು ಅಪ್ಪನ ಮುಖಕ್ಕೆ ಬೀಳುತ್ತಿದ್ದ ಲೈಟು ಆರಿಸಿದ್ದು, ಆಮೇಲೆ ಅಜ್ಜನ ಕಡೆಯದು.

ಕಣ್ಣು ಬಿಟ್ಟಾಗ ಮೂರೂವರೆ. ಗುರುತಿಲ್ಲದ ಸೋಫಾ, ಗುರುತಿಲ್ಲದ ಹೊದಿಕೆ. ನಮ್ಮನ್ನು ಎಬ್ಬಿಸಲಾಗದೆ ಅಲ್ಲೇ ಬಿಟ್ಟಿದ್ದರು. ಮೇಜಿನ ಮೇಲೆ ಇಸ್ಪೀಟು ಹರಡಿತ್ತು, ಪಕ್ಕದಲ್ಲಿ ಲೈಟಿನವನ ಹಳೆಯ ಅಂಗಿಯೊಂದು ಒಂದೂ ಗುಂಡಿಯಿಲ್ಲದೆ ಬಿದ್ದಿತ್ತು. ಗುಂಡಿಗಳೆಲ್ಲ ಅಮ್ಮ ಕೂತಿದ್ದ ಕಡೆ ಗುಡ್ಡೆ. ಇಬ್ಬರು ಅಮ್ಮಂದಿರೂ ಒಳಕೋಣೆಯಲ್ಲಿ ಮಲಗಿದ್ದರು.

ಅಡುಗೆಮನೆಯಲ್ಲಿ ಅಪ್ಪ ಅವರ ಹಿಟ್ಟಿನ ಡಬ್ಬಿ ಹುಡುಕಿ ಆಗಲೇ ಕಲಸುತ್ತಿದ್ದ. ಅಜ್ಜ ಸಣ್ಣ ದನಿಯಲ್ಲಿ ಹಾಡುತ್ತಿದ್ದ. ಲೈಟಿನವನು ಬಾಗಿಲಿಗೊರಗಿ ನೋಡುತ್ತಿದ್ದ. ಅವನದು ಇನ್ನೂ ಮಲಗುವ ಹೊತ್ತೇ ಆಗಿರಲಿಲ್ಲ.

“ಎಲ್ಲಿಗೆ ನಿಲ್ಲಿಸಿದ್ದೆ?” ಅಂದ ಅಪ್ಪ, ಹಿಟ್ಟಿನ ಕೈಯಲ್ಲೇ. “ಹಾಂ. ನನ್ನ ಮಗಳು ಅಂದ್ರೆ ನನಗೆ ಪ್ರಾಣ ಕಣಪ್ಪ. ಅವಳು ಸುಳ್ಳು ಹೇಳಿದ್ದು ತಪ್ಪು. ಆದ್ರೆ ನನ್ನನ್ನ ಹುಲಿ ಮಾಡಿದ್ಲಲ್ಲ, ಅದು ಬಹಳ ಖುಷಿಯಾಯ್ತು.”

ಲೈಟಿನವನು ನಕ್ಕ. ನನ್ನ ಎದೆಯ ಮೇಲಿನ ಅರ್ಧ ಕಲ್ಲು ಇಳಿಯಿತು. ಆಮೇಲೆ ಇಬ್ಬರೂ ಬಾಲ್ಕನಿಯಲ್ಲಿ ಕೂತೆವು. ಕತ್ತಲೆ ತೆಳ್ಳಗಾಗುತ್ತಿತ್ತು. “ಯೋಚನೆ ಮಾಡಿದೆ” ಅಂದ. “ನನಗೆ ಬೇಕಾಗಿರೋದು...”

ಕಾದೆ. ತಿರುಗಿ ನೋಡಿದರೆ ತಲೆ ನನ್ನ ಭುಜದ ಮೇಲೆ. ಅವನ ಹೊತ್ತಾಗಿತ್ತು. ಕನ್ನಡಕ ತೆಗೆದು ಜೋಪಾನವಾಗಿ ಮಡಿಸಿಟ್ಟೆ. ಬೇಕಾಗಿರೋದು ಏನು ಮಾರಾಯ? ಎಬ್ಬಿಸಿ ಕೇಳಲು ಮನಸ್ಸಾಗಲಿಲ್ಲ. ಕೆಂಪು ಬಣ್ಣ ಬರುವವರೆಗೂ ಭುಜ ಅಲ್ಲಾಡಿಸದೆ ಕೂತಿದ್ದೆ. ಒಳಗಿಂದ ಬ್ರೆಡ್ಡಿನ ಪರಿಮಳ ಬಂತು. ಭಯ ಇತ್ತು, ಆದರೂ ಅಷ್ಟು ಸುಖವಾಗಿ ನಾನು ಎಂದೂ ಕೂತಿಲ್ಲ.

ಅಕ್ಟೋಬರ್ 8

ನಿನ್ನೆ ಮಧ್ಯಾಹ್ನ ಅಂಗಡಿಗೆ ಓಡಿ ಬಂದ, ತಲೆ ಬಾಚದೆ, ಕೈಯಲ್ಲಿ ಅಪ್ಪ ಮಾಡಿಟ್ಟು ಬಂದಿದ್ದ ಬ್ರೆಡ್ಡಿನ ತುಂಡು.

“ಎಲ್ಲಿಗೆ ನಿಲ್ಲಿಸಿದ್ದೆ?”

“ನನಗೆ ಬೇಕಾಗಿರೋದು ಅಂದೆ, ಗೊರಕೆ ಹೊಡೆದೆ.”

ಕುರ್ಚಿಯಲ್ಲಿ ಕೂತ. “ನಾಟಕ ಮುಗಿದು, ಎಲ್ಲಾ ಬಿಚ್ಚಿಟ್ಟು ನಾನು ಮನೆಗೆ ಬರೋದು ಮೂರು ಗಂಟೆಗೆ. ಊಟಕ್ಕೆ ಕೂತ್ರೆ ಎದುರಿಗೆ ಗೋಡೆ. ಹನ್ನೆರಡು ವರ್ಷದಿಂದ ಆ ಗೋಡೆ ಜೊತೆ ಊಟ ಮಾಡ್ತಿದೀನಿ. ಸಂಜೆ ನನ್ನ ಜೊತೆ ಇರೋಕೆ ಮಂದಿರದ ತುಂಬ ಜನ ಇದಾರೆ, ಆ ಹೊತ್ತಲ್ಲಿ ಯಾರೂ ಇಲ್ಲ. ಇವತ್ತು ಬೆಳಗಿನ ಜಾವ ನೋಡಿದ್ರೆ ನಿಮ್ಮಜ್ಜ ಹಾಡ್ತಿದಾರೆ, ನಿಮ್ಮಪ್ಪ ಹಿಟ್ಟು ಕಲಸ್ತಿದಾರೆ, ನೀನು ತಲೆ ಕೆದರ್ಕೊಂಡು ಎದ್ದು ಬಂದೆ. ನನಗೆ ಬೇಕಾಗಿರೋದು ಅದು.”

ಆದರೂ ಉಳಿದದ್ದನ್ನು ಕೇಳದೆ ಬಿಡುವವಳಲ್ಲ. “ಮಕ್ಕಳು?” ಅಂದೆ. “ಅವರಿಗೂ ಬಂದ್ರೆ?”

“ಬರಲಿ. ಅರ್ಧ ನಿನ್ನ ಗಡಿಯಾರ, ಅರ್ಧ ನನ್ನದು ಅಂದ್ಕೋ. ಇಪ್ಪತ್ನಾಕು ಗಂಟೇಲಿ ಯಾವಾಗ ನೋಡಿದ್ರೂ ಮನೇಲಿ ಒಬ್ಬರಲ್ಲ ಒಬ್ಬರು ಎದ್ದಿರ್ತಾರೆ. ಪಾಪ, ನಮ್ಮ ಮನೆಗೆ ಕನ್ನ ಹಾಕೋಕೆ ಕಳ್ಳನಿಗೆ ಹೊತ್ತೇ ಸಿಗಲ್ಲ!”

ಆ ಕಳ್ಳನ ಪಾಡು ನೆನೆದು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.